ಕೆಮ್ಮು ಇದ್ದ ಜಾಗ

ಮಿಕ್ಸಿ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ನನಗೆ ನಮ್ಮ ಅಡುಗೆಮನೆ ಕೇಳಿಸಿತು.

ರಿಪೇರಿಯವನು ಮೊಬೈಲನ್ನು ಬೆಸುಗೆ ಕಡ್ಡಿಯ ಸ್ಟ್ಯಾಂಡಿಗೆ ಒರಗಿಸಿಟ್ಟು, ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ನನ್ನ ಮಿಕ್ಸಿಯ ಹೊಟ್ಟೆಯೊಳಗೆ ಇಟ್ಟುಕೊಂಡು ಕೂತಿದ್ದ. ನಾನು ನಿಂತಲ್ಲಿಂದ ಪರದೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ನಲ್ಲಿ ತೊಟ್ಟಿಕ್ಕುವ ಸದ್ದು: ಎರಡು ಹನಿ ಬೇಗ ಬೇಗ, ಆಮೇಲೆ ಒಂದು ನಿಧಾನ. ವಾಷರ್ ಸವೆದ ನಮ್ಮ ನಲ್ಲಿ ಹಾಗೇ ತೊಟ್ಟಿಕ್ಕುತ್ತದೆ. ಆಮೇಲೆ ಒಂದು ಸ್ಟೀಲ್ ಮುಚ್ಚಳ ನೆಲಕ್ಕೆ ಬಿದ್ದು ಗಿರಗಿರ ತಿರುಗಿತು. ನಮ್ಮ ಮುಚ್ಚಳದ ಅಂಚು ಒಂದು ಕಡೆ ಜಜ್ಜಿದೆ, ಅದಕ್ಕೇ ತಿರುಗುವಾಗ ಕುಂಟುತ್ತದೆ. ಇದೂ ಕುಂಟಿತು. ಕುಂಟಿ ಕುಂಟಿ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಜಾಗದಲ್ಲಿ ಯಾರೋ ಕೆಮ್ಮಿದರು. ಎರಡು ಸಲ, ಆಮೇಲೆ ಗಂಟಲು ಸರಿಮಾಡಿಕೊಂಡು ಮೂರನೇ ಸಲ.

ಅದು ನಮ್ಮತ್ತೆಯ ಕೆಮ್ಮು.

“ಯಾವ ಸಿನಿಮಾಪ್ಪ ಅದು?” ಎಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು.

“ಆ ಆಸ್ಪತ್ರೆ ಕ್ಯಾಂಟೀನಲ್ಲಿ ಅಡುಗೆ ಮಾಡೋ ಹೆಂಗಸಿಂದು ಬರ್ತಿದೆಯಲ್ಲಕ್ಕ, ಪೋಸ್ಟರ್ ಹಾಕಿದಾರಲ್ಲ, ಅದು. ಶುಕ್ರವಾರ ಥಿಯೇಟರಿಗೆ ಬರುತ್ತೆ. ನಮ್ಮ ಕೈಗೆ ಬುಧವಾರಾನೇ ಬಂತು ನೋಡಿ!” ಎಂದು ನಕ್ಕ. “ಆದ್ರೆ ಏನಕ್ಕ, ಮ್ಯೂಸಿಕ್ಕೇ ಇಲ್ಲ. ಬರೀ ಪಾತ್ರೆ ಸದ್ದು. ನಮ್ಮನೇಲೇ ಬೇಕಾದಷ್ಟಿದೆ, ಇದನ್ನ ನೋಡೋಕೆ ಥಿಯೇಟರಿಗೆ ಹೋಗ್ಬೇಕಾ?”

ನಾನು ಮಿಕ್ಸಿ ತೆಗೆದುಕೊಂಡು, ಅದು ಸರಿಯಾಗಿದೆಯೋ ಇಲ್ಲವೋ ನೋಡದೆ, ಮನೆಗೆ ಬಂದೆ.

ನಮ್ಮವರ ಕೆಲಸ ಸಿನಿಮಾಗಳಿಗೆ ಹೆಜ್ಜೆ ಸದ್ದು ಮಾಡುವುದು. ಪರದೆಯ ಮೇಲೆ ಯಾರೋ ನಡೆದರೆ, ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಇವರು ಅವರ ಹಾಗೆ ನಡೆಯುತ್ತಾರೆ. ನಾಯಕಿ ಓಡಿದರೆ ಇವರು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ನಿಂತಲ್ಲೇ ಓಡುತ್ತಾರೆ. ಬಾಗಿಲು, ಬಟ್ಟೆಯ ಸರಸರ, ಲೋಟ ಇಡುವುದು, ಕಾಗದ ಹರಿಯುವುದು, ಎಲ್ಲ ಇವರದೇ. ಸ್ಟುಡಿಯೋದಲ್ಲಿ ಇವರನ್ನು ‘ಹೆಜ್ಜೆ’ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೆಂಗಸರು, ಗಂಡಸರು, ಮಕ್ಕಳು, ಮುದುಕರು, ಎರಡು ಸಲ ಒಂದು ಕುದುರೆ, ಎಲ್ಲರ ಕಾಲೂ ಇವರೇ. ಸದ್ದು ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟರೆ ಮಾತ್ರ ಗೊತ್ತಾಗುತ್ತದೆ. ನನ್ನ ಅಡುಗೆಯ ಹಾಗೆ ಎಂದು ನಾನು ಆಗಾಗ ಅನ್ನುತ್ತಿರುತ್ತೇನೆ.

ಈ ಸಿನಿಮಾದ ನಿರ್ದೇಶಕರಿಗೆ ಸ್ಟುಡಿಯೋದ ಪಾತ್ರೆಗಳು ಹಿಡಿಸಲಿಲ್ಲ. ಇವು ಅಂಗಡಿಯಿಂದ ತಂದವು, ಬದುಕಿದ ಪಾತ್ರೆ ಬೇಕು ಎಂದರಂತೆ. ಅದಕ್ಕೇ ಎರಡು ತಿಂಗಳ ಹಿಂದೆ ನಮ್ಮವರು ಸಿನಿಮಾದ ಕಚ್ಚಾ ಪ್ರತಿಯನ್ನು ಒಂದು ಡಿಸ್ಕಿನಲ್ಲಿ ಮನೆಗೆ ತಂದು, ಒಂದು ಸಂಜೆ ನಮ್ಮ ಅಡುಗೆಮನೆಯಲ್ಲೇ ಸದ್ದು ಹಿಡಿದರು. ಫ್ಯಾನ್ ಹಾಕುವಂತಿಲ್ಲ, ಯಾರೂ ಮಾತಾಡುವಂತಿಲ್ಲ. ನಾನು ಅಕ್ಕಿ ತೊಳೆದೆ, ಈರುಳ್ಳಿ ಹೆಚ್ಚಿದೆ, ಬೇಕೆಂದೇ ಮುಚ್ಚಳ ಬೀಳಿಸಿದೆ. ಹದಿನಾಲ್ಕು ಸಲ ಬೀಳಿಸಿದ ಮೇಲೆ ಒಂದು ಸಲ ಅದು ಅಷ್ಟು ಚೆಂದವಾಗಿ ತಿರುಗಿ ನಿಂತಿತು. ನಿಂತ ಮೇಲಿನ ಮೌನಕ್ಕೆ ಸರಿಯಾಗಿ ನಡುಮನೆಯಿಂದ ಅತ್ತೆ ಕೆಮ್ಮಿದರು.

“ಅಮ್ಮಾ! ನಾಯಕಿಗೆ ಶೀತ ಅಂದ್ಕೋತಾರೆ ಜನ!” ಎಂದು ನಮ್ಮವರು ನಕ್ಕಿದ್ದರು.

“ತಡ್ಕೊಳ್ಳೋಕೆ ನೋಡ್ದೆ ಕಣೋ. ಕೆಮ್ಮು ನನ್ನ ಮಾತು ಕೇಳುತ್ತಾ?” ಎಂದಿದ್ದರು ಅತ್ತೆ.

ಆ ಮುಚ್ಚಳದ ಸದ್ದು ಮತ್ತೆ ಸಿಗುವುದಿಲ್ಲವೆಂದು ಅದನ್ನೇ ಇಟ್ಟುಕೊಂಡು, ಅವತ್ತೇ ಚಿತ್ರಕ್ಕೆ ಜೋಡಿಸಿದರು. ಮಾರನೆಯ ದಿನ ಬೆಳಿಗ್ಗೆ ಕೂತು ಕೆಮ್ಮನ್ನು ಕತ್ತರಿಸಿ, ಆ ಜಾಗಕ್ಕೆ ನಮ್ಮನೆಯ ಬರಿಯ ಮೌನವನ್ನು ತೇಪೆ ಹಾಕಿ, ಸ್ಟುಡಿಯೋಗೆ ಕೊಟ್ಟರು. ಅಂದರೆ ಸ್ಟುಡಿಯೋಗೆ ಹೋದ ಪ್ರತಿಯಲ್ಲಿ ಕೆಮ್ಮಿಲ್ಲ. ಕೆಮ್ಮಿದ್ದ ಪ್ರತಿ ನಮ್ಮ ಮನೆ ಬಿಟ್ಟು ಎಲ್ಲೂ ಇರಲಿಲ್ಲ.

ಅದೀಗ ರಿಪೇರಿಯವನ ಮೊಬೈಲಿನಲ್ಲಿತ್ತು.

ಅವತ್ತು ಸಂಜೆ ನಮ್ಮವರು ಬಂದವರೇ ಬೂಟನ್ನು ಮೂಲೆಗೆ ಎಸೆದರು. ಹೆಜ್ಜೆಯ ಮನುಷ್ಯ ಬೂಟು ಎಸೆಯುವುದೆಂದರೆ ನಮ್ಮ ಮನೆಯಲ್ಲಿ ತಟ್ಟೆ ಒಡೆದ ಹಾಗೆ.

“ಕಳ್ಳನನ್ಮಕ್ಕಳು. ಇನ್ನೂ ಬಿಡುಗಡೆ ಆಗಿಲ್ಲ, ಆಗ್ಲೇ ಕದ್ದ ಸಿನಿಮಾ ಹಾಕೋ ತಾಣದಲ್ಲಿ ಹರಾಜು ಹಾಕಿದಾರೆ. ಅದೂ ಕಚ್ಚಾ ಪ್ರತಿ. ಸಂಗೀತ ಇಲ್ಲ, ಬಣ್ಣ ಸರಿಮಾಡಿಲ್ಲ. ಜನ ನೋಡಿ ಇದೇ ಸಿನಿಮಾ ಅಂತ ತಿಳ್ಕೋತಾರೆ.”

“ತಿಳ್ಕೊಂಡಾಯ್ತಪ್ಪ,” ಎಂದಳು ಮಗಳು. ಅವಳು ಕಾಲೇಜಿನ ಎರಡನೇ ವರ್ಷ. ಅನ್ನ ಕಲಸುತ್ತ ಮೊಬೈಲ್ ನೋಡುತ್ತಿದ್ದಳು. “ಕೆಳಗಡೆ ಬರೆದಿದಾರೆ ನೋಡು. ‘ಪಾತ್ರೆ ತೊಳೆಯೋ ಸಿನಿಮಾ.’ ‘ನಿದ್ದೆ ಬರದವರಿಗೆ ಒಳ್ಳೇದು.’”

“ನೀನು ಆ ತಾಣಕ್ಕೆ ಹೋಗಿದ್ಯಾ?”

“ಎಲ್ಲಾರೂ ಹೋಗಿದಾರೆ. ನಾನು ಹೋಗಿದ್ದು ಬೈಗುಳ ಓದೋಕೆ. ಸಿನಿಮಾ ಒತ್ತಲಿಲ್ಲ.”

“ಬಾಗಿಲ ತನಕ ಹೋಗಿ ಒಳಗೆ ಹೋಗ್ಲಿಲ್ಲ ಅಂತೀಯಾ. ದಿನಾ ಯಾವ್ದೋ ಸಿನಿಮಾ ನೋಡ್ತಿರ್ತೀಯಲ್ಲ, ಅದೆಲ್ಲ ದುಡ್ಡು ಕೊಟ್ಟು ನೋಡಿದ್ದಾ?”

ಮಗಳು ಮೊಬೈಲ್ ಮಗುಚಿಟ್ಟಳು. “ಅಪ್ಪಾ, ನೀನು ಹೊರದೇಶದ ಸಿನಿಮಾದಲ್ಲಿ ಹೆಜ್ಜೆ ಹೆಂಗೆ ಮಾಡಿದಾರೆ ಅಂತ ಕೇಳಿ ಕೇಳಿ ಬರ್ಕೋತೀಯಲ್ಲ, ಆ ಇನ್ನೂರು ಸಿನಿಮಾ ಎಲ್ಲಿಂದ ಬಂತು? ‘ಪುಟ್ಟಾ, ಅದೊಂದು ಇಳಿಸಿಕೊಡು, ಇದೊಂದು ಇಳಿಸಿಕೊಡು’ ಅಂದಿದ್ದು ಯಾರು?”

“ಅದು ಕಲಿಯೋಕೆ.”

“ಓಹೋ. ಕಲಿಯೋಕೆ ಕದ್ದರೆ ಕಳ್ಳತನ ಅಲ್ಲ. ಸರಿ ಬಿಡು, ನಾನೂ ಜೀವನ ಕಲೀತಿದೀನಿ.”

ಅತ್ತೆ ಕಿಸಕ್ಕೆಂದು ನಕ್ಕರು. ನಮ್ಮವರು ತಟ್ಟೆ ದೂರ ಸರಿಸಿದರು. ನಾನು ಮೊಟ್ಟೆ ಬಡಿಸುವ ನೆಪದಲ್ಲಿ ನಡುವೆ ನಿಂತೆ. ಆದರೆ ನನ್ನ ಕಿವಿಯಲ್ಲಿ ಆ ಮುಚ್ಚಳ ತಿರುಗುತ್ತಲೇ ಇತ್ತು.

ಯಾಕೆಂದರೆ ನನಗೆ ಗೊತ್ತಾಗಿಹೋಗಿತ್ತು. ಮನೆಯ ಕಂಪ್ಯೂಟರ್ ಮುಟ್ಟುವವರು ಇಬ್ಬರೇ. ಒಬ್ಬರು ಬೂಟು ಎಸೆದವರು. ಇನ್ನೊಬ್ಬಳು ಇವಳು. ಸ್ನೇಹಿತೆಯರಿಗೆ ತೋರಿಸೋಣ ಎಂದು ಒಂದು ಪ್ರತಿ ಕೊಟ್ಟಿರಬೇಕು. ಹೇಳಿದರೆ ಅಪ್ಪ ಮಗಳ ಮುಖ ಮತ್ತೆ ಒಂದಾಗುವುದಿಲ್ಲ. ಸಿನಿಮಾ ಅಂತೂ ಹೋಯಿತು, ಮಗಳನ್ನೂ ಯಾಕೆ ಕಳೆದುಕೊಳ್ಳಲಿ? ನಮ್ಮವರು ಆ ಕದ್ದ ಪ್ರತಿಯನ್ನು ನೋಡುವುದೇ ಇಲ್ಲ ಎಂದು ಪಟ್ಟು ಹಿಡಿದಿದ್ದರು. ಅವರು ನೋಡದಿದ್ದರೆ ಕೆಮ್ಮು ಕೇಳುವವರು ಯಾರು? ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಶುಕ್ರವಾರ ಸಿನಿಮಾ ಬಂತು. ಸೋಮವಾರ ನಾಲ್ಕು ಥಿಯೇಟರಿನಿಂದ ತೆಗೆದರು. ಎರಡನೇ ವಾರಕ್ಕೆ ಒಂದೇ ಒಂದು ಉಳಿಯಿತು, ಮಧ್ಯಾಹ್ನದ ಒಂದು ಆಟ. ಆ ತಾಣವನ್ನು ಮುಚ್ಚಿಸಿದರೆಂದು ನಮ್ಮವರು ಒಂದು ದಿನ ಖುಷಿಯಿಂದ ಬಂದರು. ಮಗಳು ತೋರಿಸಿದಳು: ಅದೇ ತಾಣ, ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು, ಜೂಜಿನ ಜಾಹೀರಾತು ಮಿಣಮಿಣ ಮಾಡುತ್ತ ತೆರೆದು ಕೂತಿತ್ತು.

ಆ ದಿನಗಳಲ್ಲಿ ನಾನು ಮಗಳ ಬೆನ್ನಿಗೆ ಬಿದ್ದೆ. ಅವಳು ಸ್ನಾನಕ್ಕೆ ಹೋದಾಗ ಅವಳ ಮೊಬೈಲ್ ತಡಕಾಡಿದೆ. ಯಾರ ಜೊತೆ ಮಾತಾಡಿದೆ, ಯಾರು ಆ ಹುಡುಗಿ ಎಂದು ಕೇಳಿದೆ. ಅವಳಿಗೆ ಇಷ್ಟವಾದ ಹುರುಳಿಕಾಯಿ ಪಲ್ಯ ಮಾಡಿ, ಪಕ್ಕದಲ್ಲಿ ಕೂತು, “ಏನಾದ್ರೂ ಹೇಳ್ಬೇಕಾ ಪುಟ್ಟಾ?” ಎಂದೆ.

“ಹ್ಞೂಂ. ಉಪ್ಪು ಕಮ್ಮಿ,” ಎಂದಳು.

ಎರಡನೇ ಭಾನುವಾರ ಕೀಲಿ ಅಕ್ಕ ಮನೆಗೆ ಬಂದರು.

ಕೀಲಿ ಅಕ್ಕ ಎಂದರೆ ಸ್ಟುಡಿಯೋದಲ್ಲಿ ಡಿಸ್ಕುಗಳ ಬೀರು ನೋಡಿಕೊಳ್ಳುವವರು. ಯಾವ ಸಿನಿಮಾದ ಯಾವ ಪ್ರತಿ ಯಾರ ಕೈಗೆ ಹೋಯಿತು ಎಂದು ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಂಡು ಕೊಡುತ್ತಾರೆ. ಸೊಂಟದಲ್ಲಿ ಯಾವಾಗಲೂ ಕೀಲಿಗೊಂಚಲು. ಅವರು ಬರುವುದನ್ನು ಆ ಗೊಂಚಲೇ ಮೊದಲು ಹೇಳುತ್ತದೆ ಎಂದು ನಮ್ಮವರು ಅನ್ನುತ್ತಿದ್ದರು. ಅವತ್ತು ಸದ್ದೇ ಇಲ್ಲದೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಒಂದು ದೊಡ್ಡ ಗೋಣಿಚೀಲ.

“ಹೆಜ್ಜೆಯಪ್ಪನ ಆಸ್ತಿ ತಂದಿದೀನಿ,” ಎಂದು ಚೀಲ ಇಳಿಸಿದರು. ಹನ್ನೊಂದು ಜೊತೆ ಪಾದರಕ್ಷೆ. ನಾಯಕಿಯ ಚಪ್ಪಲಿ, ಪೊಲೀಸಿನವನ ಬೂಟು, ಮಗುವಿನ ಕಿರುಗುಟ್ಟುವ ಶೂ, ಮುದುಕನ ಹಿಮ್ಮಡಿ ಸವೆದ ಮೆಟ್ಟು. “ನನ್ನ ಬೀರುವಲ್ಲಿ ಇಟ್ಟಿದ್ರಲ್ಲ. ಇನ್ಮೇಲೆ ಯಾರು ಕೀಲಿ ಹಿಡೀತಾರೋ ಏನೋ, ಕಸ ಅಂತ ಎಸೆದುಬಿಟ್ರೆ?”

“ಯಾಕಕ್ಕ, ನೀವೆಲ್ಲಿಗೆ ಹೊರಟ್ರಿ?” ಎಂದೆ.

ಅವರು ನಮ್ಮವರ ಕಡೆ ನೋಡಿದರು. ನಮ್ಮವರು ಚೀಲದ ಬಾಯಿ ನೋಡುತ್ತಿದ್ದರು.

“ಹೇಳಿಲ್ವಾ ಇವ್ರು? ನನ್ನನ್ನ ಮನೇಲಿರು ಅಂದಿದಾರೆ. ಹತ್ತು ದಿನ ಆಯ್ತು. ಆ ಕಚ್ಚಾ ಪ್ರತಿ ಒಂದು ಸಂಜೆ ಸಹಿ ಇಲ್ದೆ ಹೊರಗೆ ಹೋಗಿದೆ. ರಿಜಿಸ್ಟರಲ್ಲಿ ಆ ಸಾಲು ಖಾಲಿ. ಯಾರಿಗೆ ಕೊಟ್ಟೆ ಅಂದ್ರು. ಮರೆತಿದೀನಿ ಅಂದೆ.”

“ಮರೆತಿದೀರಾ?”

“ಇನ್ನೊಂದು ವರ್ಷಕ್ಕೆ ನಿವೃತ್ತಿ. ಮರೆಯೋ ವಯಸ್ಸೇ ತಾನೆ?” ಎಂದು ನಕ್ಕರು. “ಒಂದ್ಲೋಟ ಚಹಾ ಕೊಡ್ತೀಯೋ, ಹಂಗೇ ಕಳಿಸ್ತೀಯೋ?”

ಚಹಾ ಕುಡಿದರು, ಊಟವನ್ನೂ ಮಾಡಿದರು. ಅತ್ತೆಯ ಪಕ್ಕ ಕೂತು, ಅವರ ತಟ್ಟೆಯಲ್ಲಿ ಯಾವುದು ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸಿದರು. ಅತ್ತೆಗೆ ನಾಲ್ಕು ವರ್ಷದಿಂದ ಕಣ್ಣು ಮಂಜು, ಈಗ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಹೋಗುವಾಗ ನಮ್ಮವರು ಬಾಗಿಲ ತನಕ ಹೋದರು. “ಅಕ್ಕ...” ಎಂದಷ್ಟೇ ಕೇಳಿಸಿತು. “ಸುಮ್ನಿರಪ್ಪ. ನಿನ್ನಿಂದ ಅಂಥದು ಆಗಲ್ಲ ಅಂತ ನಂಗೊತ್ತು. ಎರಡು ಹೆಸರು ಯಾಕೆ ಕೆಡಬೇಕು?” ಎಂದು ಅವರು ಮೆಟ್ಟಿಲಿಳಿದರು.

ನಾನು ತಟ್ಟೆ ಎತ್ತುತ್ತಿದ್ದವಳು ಅಲ್ಲೇ ಕೆಳಗಿಟ್ಟೆ. “ಆ ಖಾಲಿ ಸಾಲು ನಿಮ್ಮದಾ?”

“ಬೆಳಿಗ್ಗೆ ಸಹಿ ಹಾಕ್ತೀನಿ ಅಂದಿದ್ದೆ. ಮರ್ತೆ. ಆದ್ರೆ ಪ್ರತಿ ಇಲ್ಲಿಂದ ಹೋಗಿಲ್ಲ ಕಣೆ. ಇಲ್ಲಿಂದ ಹೋಗಿದ್ರೆ ಆವತ್ತೇ ಹೇಳ್ತಿದ್ದೆ. ಸಂಕಲನದವರ ಹತ್ರ ಇತ್ತು, ನಿರ್ದೇಶಕರ ಹತ್ರ ಇತ್ತು. ಕಳ್ಳ ಸಿಕ್ಕ ಮೇಲೆ ಅಕ್ಕನ್ನ ಕರೀತಾರೆ.”

“ಇಲ್ಲಿಂದಾನೇ ಹೋಗಿದೆ,” ಎಂದೆ.

ಮಿಕ್ಸಿ ಅಂಗಡಿ, ನಲ್ಲಿ, ಮುಚ್ಚಳ, ಕೆಮ್ಮು, ಎಲ್ಲ ಹೇಳಿದೆ. ಮಗಳು ಮೊಬೈಲಿನಲ್ಲಿ ಆ ತಾಣ ತೆಗೆದು, ಆ ದೃಶ್ಯ ಹುಡುಕಿ, ಮೇಜಿನ ಮೇಲಿಟ್ಟಳು. ನಮ್ಮವರು ಬೇಡವೆನ್ನಲಿಲ್ಲ. ಮುಚ್ಚಳ ತಿರುಗಿತು. ನಿಂತಿತು. ಅತ್ತೆ ಕೆಮ್ಮಿದರು.

ಮೇಜಿನಾಚೆ ಕೂತಿದ್ದ ಅತ್ತೆ ತಲೆ ಎತ್ತಿದರು.

ನಮ್ಮವರು ಮಗಳ ಕಡೆ ತಿರುಗಿದರು. ಅವರು ಬಾಯಿ ತೆಗೆಯುವ ಮೊದಲೇ ಅವಳು ನನ್ನನ್ನು ನೋಡಿದಳು. “ನಿಂಗೆ ಆ ಬುಧವಾರಾನೇ ಗೊತ್ತಿತ್ತಾ? ಹತ್ತು ದಿನದಿಂದ ಪಲ್ಯ ಮಾಡಿ ಪಕ್ಕದಲ್ಲಿ ಕೂತ್ಕೋತಿದ್ದಿದ್ದು ಇದಕ್ಕಾ? ಅಮ್ಮಾ, ನಾನೇ ಅಂತ ಅಂದ್ಕೊಂಡುಬಿಟ್ಯಾ?”

“ನಿನ್ನ ಉಳಿಸ್ಕೊಳ್ಳೋಕೆ ಸುಮ್ನಿದ್ದೆ ಪುಟ್ಟಾ.”

“ಕೇಳಿದ್ರೆ ಅರ್ಧ ನಿಮಿಷ. ‘ನೀನಾ?’ ‘ಅಲ್ಲ.’ ಮುಗೀತು. ನೀನು ಕೇಳ್ಲೇ ಇಲ್ಲ. ತೀರ್ಪು ಕೊಟ್ಟು ಕ್ಷಮಿಸಿಯೂ ಬಿಟ್ಟೆ.”

ಅವಳು ಹೇಳಿದ್ದು ನಿಜ. ನನ್ನ ಆ ಹತ್ತು ದಿನದ ಮೌನದಲ್ಲಿ ಕೀಲಿ ಅಕ್ಕ ಮನೆಯಲ್ಲಿ ಕೂತಿದ್ದರು. ನಾನು ಏನಾದರೂ ಹೇಳುವ ಮೊದಲೇ ಅತ್ತೆ ಮೇಜನ್ನು ತಟ್ಟಿದರು.

“ಆ ಮಗೂನ ಯಾಕೆ ಬೈತೀರಾ? ಕಳಿಸಿದ್ದು ನಾನಲ್ವಾ?”

ಮೂವರೂ ಅವರ ಕಡೆ ತಿರುಗಿದೆವು.

ನಮ್ಮವರಿಗೆ ಒಂದು ಪದ್ಧತಿ ಇದೆ. ಸದ್ದು ಹಿಡಿದ ಮೇಲೆ ಮೊದಲು ಅದನ್ನು ತಮ್ಮ ತಾಯಿಗೆ ಕೇಳಿಸುತ್ತಾರೆ. “ಇದೇನು ಹೇಳು?” ಎನ್ನುತ್ತಾರೆ. ಕಣ್ಣಿಲ್ಲದ ಅವರು “ಹೆಂಗಸು ನಡೀತಿದಾಳೆ, ಬಲಗಾಲು ನೋವಿದೆ” ಎಂದರೆ ಪಾಸು. “ಯಾವನೋ ಗಂಡಸು ಹೆಂಗಸಿನ ಚಪ್ಪಲಿ ಹಾಕ್ಕೊಂಡಿದಾನೆ” ಎಂದರೆ ಮತ್ತೆ ಮೊದಲಿಂದ. ಆ ಸಂಜೆಯೂ ಸದ್ದು ಜೋಡಿಸಿದ ಪ್ರತಿಯನ್ನು ಅವರೇ ತಾಯಿಯ ಮೊಬೈಲಿಗೆ ಹಾಕಿಕೊಟ್ಟಿದ್ದರು, ನಿಧಾನವಾಗಿ ಕೇಳಿ ಬೆಳಿಗ್ಗೆ ಹೇಳಲಿ ಎಂದು. ಅದನ್ನು ಅಳಿಸುವುದು ಯಾರಿಗೂ ನೆನಪಾಗಲಿಲ್ಲ.

“ಯಾರಿಗೆ ಕಳಿಸ್ದೆ ಅಮ್ಮ?”

“ನನ್ನ ಗೆಳತಿಗೆ. ಇನ್ಯಾರಿದಾರೆ ನಂಗೆ? ಹಾಸಿಗೆ ಹಿಡಿದು ವರ್ಷ ಆಯ್ತು ಅವಳಿಗೆ. ‘ನಿನ್ನ ಮಗ ಸಿನಿಮಾದಲ್ಲಿ ಏನು ಮಾಡ್ತಾನೆ, ಎಲ್ಲೂ ಕಾಣಲ್ಲವಲ್ಲ’ ಅಂತ ಯಾವಾಗ್ಲೂ ಚುಚ್ಚೋಳು. ಕೇಳು ಬೇಕಾದ್ರೆ ಅಂತ ಕಳಿಸ್ದೆ. ಮೊಬೈಲಿಗೆ ಬಾಯಲ್ಲಿ ಹೇಳಿದ್ರೆ ಅದೇ ಕಳಿಸುತ್ತೆ. ಪುಟ್ಟಾನೇ ಕಲಿಸಿದ್ದು.”

“ಅಮ್ಮಾ, ಇನ್ನೂ ಬಿಡುಗಡೆ ಆಗದ ಸಿನಿಮಾನ ಯಾರಾದ್ರೂ ಕಳಿಸ್ತಾರಾ?”

“ಸಿನಿಮಾ ಎಲ್ಲಿ ಕಳಿಸ್ದೆ? ನಾನು ಕಳಿಸಿದ್ದು ಸದ್ದು.” ಅತ್ತೆಯ ದನಿ ಸಣ್ಣದಾಯಿತು. “ಅದ್ರಲ್ಲಿ ಚಿತ್ರನೂ ಇತ್ತಾ?”

ನಲ್ಲಿ ಎರಡು ಹನಿ ಬೇಗ ಬೇಗ ಬಿಟ್ಟು, ಒಂದನ್ನು ನಿಧಾನವಾಗಿ ಬಿಟ್ಟಿತು.

ಗೆಳತಿಗೆ ಮಗಳೇ ಫೋನ್ ಮಾಡಿದಳು. ಅವರ ಮನೆಯಲ್ಲಿ ಬಂದು ಹೋಗುವವರು ಹತ್ತಾರು ಜನ. ನೋಡಿಕೊಳ್ಳುವ ನರ್ಸು, ನೆಂಟರು, ಪಕ್ಕದ ಮನೆಯವರು. ಪೋಸ್ಟರ್ ಅಂಟಿದ ಮೇಲೆ ಯಾರೋ ಇದು ಅದೇ ಸಿನಿಮಾ ಎಂದು ಗುರುತಿಸಿದ್ದಾರೆ. ಅಲ್ಲಿಂದ ಯಾರ ಕೈಗೋ, ಆ ಕೈಯಿಂದ ಆ ತಾಣಕ್ಕೋ. “ನಾನು ಎಲ್ಲಾರಿಗೂ ಕೇಳಿಸ್ದೆ ಕಣೆ, ನನ್ನ ಗೆಳತಿ ಮಗ ನಡೆದಿದ್ದು ಅಂತ,” ಎಂದು ಆ ಅಜ್ಜಿ ಹೆಮ್ಮೆಯಿಂದ ಹೇಳಿದರಂತೆ. ಅವರನ್ನು ಏನೆಂದು ಬೈಯುವುದು?

ಮುಂದಿನ ಎರಡು ದಿನ ಮನೆಯಲ್ಲಿ ಒಲೆ ಉರಿಯಿತು, ಊಟವಾಯಿತು, ಮಾತು ಮಾತ್ರ ಬೇಯಲಿಲ್ಲ. ನಮ್ಮವರು ಹನ್ನೊಂದು ಜೊತೆಯನ್ನೂ ಹಿತ್ತಲಲ್ಲಿ ಸಾಲಾಗಿಟ್ಟು, ಒಂದೊಂದನ್ನೇ ಒರೆಸಿ, ಪಾಲಿಶ್ ಹಾಕಿದರು. ಸೋಮವಾರ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು.

“ಸ್ಟುಡಿಯೋಗೆ ಕರ್ಕೊಂಡು ಹೋಗು ನನ್ನ.”

“ಏನಕ್ಕೆ?”

“ನಾನು ಮಾಡಿದ್ದು ಅಂತ ಹೇಳೋಕೆ.”

“ನಿನ್ನ ಮೊಬೈಲಿಗೆ ಹಾಕಿದ್ದು ಯಾರು ಅಂತ ಕೇಳ್ತಾರಮ್ಮ. ಡಿಸ್ಕು ಮನೆಗೆ ತಂದಿದ್ದು ಯಾರು ಅಂತಾರೆ. ನಿನ್ನನ್ನ ಏನೂ ಮಾಡಲ್ಲ. ನನ್ನ ಇಪ್ಪತ್ತೆರಡು ವರ್ಷ ಅಲ್ಲೇ ಮುಗಿಯುತ್ತೆ. ಆಮೇಲೆ ಯಾವ ಸ್ಟುಡಿಯೋನೂ ಒಳಗೆ ಬಿಡಲ್ಲ.”

ನಾನು ಬಟ್ಟೆ ಒಣಗಿಸುತ್ತಿದ್ದೆ. ಹೇಳಬಾರದಾಗಿತ್ತು, ಹೇಳಿದೆ: “ಪುಟ್ಟಾದು ಕಾಲೇಜು ಇನ್ನೊಂದು ವರ್ಷ ಇದೆ. ಅಕ್ಕಂಗೆ ಹೆಂಗೂ ನಿವೃತ್ತಿ. ನಾವೇ ಬೇರೆ ಥರ ಏನಾದ್ರೂ ಸಹಾಯ...”

“ನನ್ನ ಹೆಸರು ಮಧ್ಯ ತರ್ಬೇಡಮ್ಮ,” ಎಂದಳು ಮಗಳು ಒಳಗಿಂದ. “ಒಂದ್ಸಲ ತಂದು ಸಾಕಾಗಿದೆ.”

ಅತ್ತೆ ಕೈ ಚಾಚಿ ಹುಡುಕಿ, ಸಾಲಿನ ಕೊನೆಯಲ್ಲಿದ್ದ ಮುದುಕನ ಮೆಟ್ಟನ್ನು ಎತ್ತಿಕೊಂಡರು. “ಇದು ನಿಮ್ಮಪ್ಪಂದಲ್ವಾ?”

“ಹ್ಞೂಂ.”

“ಹಿಮ್ಮಡಿ ಮೇಲೆ ಕೈಯಾಡಿಸಿದ್ರೇ ಗೊತ್ತಾಗುತ್ತೆ. ಎಷ್ಟು ಜನ ಮುದುಕರಿಗೆ ಇದನ್ನ ಹಾಕಿ ನಡೆದೆ?”

“ಮೂವತ್ತು ನಲವತ್ತು.”

“ಆ ಮೂವತ್ತು ನಲವತ್ತು ಜನರಲ್ಲಿ ಒಬ್ಬನಾದ್ರೂ ಅಕ್ಕನಂಥೋಳ ತಲೆಗೆ ತನ್ನ ತಪ್ಪು ಹೊರಿಸಿ ಮನೇಲಿ ಕೂತಿದ್ನೇನೋ?” ಎಂದು ಮೆಟ್ಟನ್ನು ಸಾಲಿನಲ್ಲಿ ಇಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಬುಧವಾರ ಬೆಳಿಗ್ಗೆ ನಮ್ಮವರು ಬಟ್ಟೆ ಹಾಕಿಕೊಂಡು ಬಂದು, ಅತ್ತೆಯ ಮುಂದೆ ಅವರ ಚಪ್ಪಲಿ ಇಟ್ಟರು. “ನಡಿ,” ಎಂದರು. ನಾನು ಅತ್ತೆಯ ಕೈ ಹಿಡಿದುಕೊಂಡೆ.

ನಿರ್ಮಾಪಕರು ಮೊದಲು ಬಣ್ಣದ ಅಂಗಡಿ ಇಟ್ಟಿದ್ದವರು. ಅಂಗಡಿ ಮಾರಿ ಈ ಸಿನಿಮಾ ಮಾಡಿದ್ದರಂತೆ. ಬೈಯುತ್ತಾರೆಂದು ನಾನು ಮೈ ಬಿಗಿಹಿಡಿದು ನಿಂತಿದ್ದೆ. ನಮ್ಮವರು ಹೇಳಿದ್ದನ್ನೆಲ್ಲ ಕೇಳಿ, ಕದ್ದ ಪ್ರತಿಯನ್ನೂ ಬೀರುವಿನ ಪ್ರತಿಯನ್ನೂ ಒಂದಾದ ಮೇಲೊಂದು ಹಾಕಿಸಿದರು. ಒಂದರಲ್ಲಿ ಕೆಮ್ಮು. ಇನ್ನೊಂದರಲ್ಲಿ ಮೌನ.

“ಅದು ನಂದೇ ಕೆಮ್ಮು,” ಎಂದರು ಅತ್ತೆ. “ಬೇಕಾದ್ರೆ ಇನ್ನೊಂದ್ಸಲ ಕೆಮ್ಮಿ ತೋರಿಸ್ತೀನಿ.”

ನಿರ್ಮಾಪಕರಿಗೆ ನಗು ಬಂತು. ಬಂದದ್ದೇ ಸಿಟ್ಟಾಗಿ ಹೋಯಿತು. “ಅಜ್ಜಿ, ಮುಂದಿನ ತಿಂಗಳು ಇನ್ನೊಂದು ಸಿನಿಮಾ ಶುರು ಮಾಡ್ಬೇಕಾಗಿತ್ತು ನಾನು. ಮೂವತ್ತೆರಡು ಜನಕ್ಕೆ ಕೆಲಸ ಇದೆ ಅಂದಿದ್ದೆ. ನಿನ್ನೆ ಒಬ್ಬೊಬ್ಬರಿಗೇ ಫೋನ್ ಮಾಡಿ ಇಲ್ಲ ಅಂದೆ. ಬಡಗಿ, ದರ್ಜಿ, ಲೈಟು ಹಿಡಿಯೋರು, ಊಟ ಬಡಿಸೋರು. ಒಬ್ಬರೂ ಯಾಕೆ ಅಂತ ಕೇಳ್ಲಿಲ್ಲ. ಅವ್ರೂ ಆಗ್ಲೇ ಮೊಬೈಲಲ್ಲಿ ನೋಡಿದ್ರು.”

ಅತ್ತೆಯ ಬೆರಳು ನನ್ನ ಅಂಗೈಯೊಳಗೆ ತಣ್ಣಗಾಯಿತು.

“ನಿಮ್ಮ ಹೆಸರು ಸಿನಿಮಾ ಕೊನೇಲಿ ಇದ್ದೇ ಇದೆ,” ಎಂದರು ನಮ್ಮವರಿಗೆ. “ಕೆಲಸ ಮಾಡಿದೀರಿ, ತೆಗೆಯಲ್ಲ. ಓದೋಕೆ ಯಾರಾದ್ರೂ ಕೂತಿದ್ರೆ ಓದ್ಕೊಳ್ಳಲಿ. ಆದ್ರೆ ಇಲ್ಲಿಗೆ ಇನ್ನು ಬರ್ಬೇಡಿ. ಅಕ್ಕನ್ನ ನಾನೇ ಫೋನ್ ಮಾಡಿ ಕರೀತೀನಿ.”

ಹೊರಗೆ ಬಂದಾಗ ನಮ್ಮವರು ಮೆಟ್ಟಿಲ ಮೇಲೆ ಎರಡು ನಿಮಿಷ ಕೂತರು. ಇಪ್ಪತ್ತೆರಡು ವರ್ಷ ಹತ್ತಿದ ಮೆಟ್ಟಿಲು. ಆಮೇಲೆ ಎದ್ದು, ಬರಿಯ ತಮ್ಮ ಕಾಲಿನಲ್ಲಿ, ತಮ್ಮದೇ ನಡಿಗೆಯಲ್ಲಿ ಬಸ್ ಸ್ಟಾಪಿನ ತನಕ ನಡೆದರು.

ಮನೆಗೆ ಬಂದು ಮೊದಲು ಮಾಡಿದ ಕೆಲಸ ಆ ಇನ್ನೂರು ಸಿನಿಮಾ ಅಳಿಸಿದ್ದು. ಮಗಳು ಹಿಂದೆ ನಿಂತು ನೋಡುತ್ತಿದ್ದಳು.

“ನಾನು ಇನ್ಮೇಲೆ ನೋಡೋದೇ ಇಲ್ಲ ಅಂತ ಆಣೆ ಹಾಕಲ್ಲಪ್ಪ. ಸುಳ್ಳು ಹೇಳಿದ ಹಾಗಾಗುತ್ತೆ. ಗೊತ್ತಿರೋರ ಸಿನಿಮಾನಂತೂ ನೋಡಲ್ಲ.”

“ಎಲ್ಲಾ ಸಿನಿಮಾನೂ ಯಾರೋ ಒಬ್ಬರಿಗೆ ಗೊತ್ತಿರೋರದೇ ಪುಟ್ಟಾ.”

ಅವಳು ಮೊಬೈಲ್ ತೆಗೆದು ತೋರಿಸುತ್ತ, “ನಾಳೆ ಕೊನೇ ದಿನ. ಮಧ್ಯಾಹ್ನದ ಆಟ. ಐದು ಟಿಕೆಟ್ ತಗೊಂಡಿದೀನಿ,” ಎಂದಳು.

“ಐದನೇದು ಯಾರಿಗೆ?” ಎಂದೆ.

“ಕೀಲಿ ಅಕ್ಕಂಗೆ.” ನನ್ನ ಕಡೆ ನೋಡಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ, “ಪಲ್ಯ ಇನ್ನೊಂಚೂರು ಹಾಕು” ಎಂದು ತಟ್ಟೆ ಮುಂದೆ ಮಾಡಿದಳು. ಅಷ್ಟು ಸಾಕಿತ್ತು ನನಗೆ.

ನಾನೂರು ಕುರ್ಚಿಯ ಥಿಯೇಟರಿನಲ್ಲಿ ನಮ್ಮನ್ನು ಸೇರಿಸಿ ಹನ್ನೊಂದು ಜನ. ಟಿಕೆಟ್ ಹರಿಯುವವನು ಐವರನ್ನು ಒಟ್ಟಿಗೆ ನೋಡಿ, “ಎಲ್ಲಾರೂ ಇದೇ ಸಿನಿಮಾಗಾ?” ಎಂದು ಖಚಿತ ಮಾಡಿಕೊಂಡ. ಕೀಲಿ ಅಕ್ಕನ ಸೊಂಟದಲ್ಲಿ ಗೊಂಚಲು ಮತ್ತೆ ಬಂದಿತ್ತು. ನಮ್ಮವರು ಅವರನ್ನು ನೋಡಿ ಕೈಮುಗಿಯಲು ಹೋದರು. “ಸಿನಿಮಾ ಶುರುವಾಯ್ತು, ಕೂತ್ಕೊಳಪ್ಪ,” ಎಂದು ಅಕ್ಕ ಆ ಕೈಯನ್ನು ಕೆಳಗಿಳಿಸಿದರು.

ಅತ್ತೆ ನನಗೂ ನಮ್ಮವರಿಗೂ ನಡುವೆ ಕೂತು, ಕತ್ತಲಲ್ಲಿ ಪಿಸುಗುಟ್ಟುತ್ತ ಹೋದರು. “ನಿನ್ನ ಅಕ್ಕಿ... ನಿನ್ನ ಈರುಳ್ಳಿ ಕತ್ತಿ... ಇವಳು ಕಾಲು ಎಳೀತಿದಾಳೆ, ನಮ್ಮವನೇ.” ಆ ದೊಡ್ಡ ಪರದೆಯಲ್ಲಿ ಸಂಗೀತದ ಜೊತೆ ನನ್ನ ಅಡುಗೆಮನೆ ಬೇರೆಯೇ ಆಗಿತ್ತು. ರಿಪೇರಿಯವನು ಕೇಳಿದ್ದು ಇದನ್ನಲ್ಲ. ಹಿಟ್ಟು ಜರಡಿ ಹಿಡಿಯುವ ಸದ್ದು ಎಲ್ಲೋ ದೂರದಲ್ಲಿ ಯಾರೋ ನಡೆದು ಬರುವಂತೆ ಕೇಳಿಸಿತು. ದಿನವೂ ನಾನೇ ಮಾಡುವ ಸದ್ದು ಅದು.

ಆ ಹೆಂಗಸು ಕಾಗದ ಓದುವ ದೃಶ್ಯ ಬಂತು. ಸಂಗೀತ ನಿಂತಿತು. ನಲ್ಲಿ ತೊಟ್ಟಿಕ್ಕಿತು. ಕೈ ತಾಗಿ ಮುಚ್ಚಳ ಬಿತ್ತು.

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಮುಚ್ಚಳ ಕುಂಟುತ್ತ ಕುಂಟುತ್ತ ತಿರುಗಿತು. ಅವರ ಎದೆ ಏರುವುದು ನನಗೆ ಗೊತ್ತಾಯಿತು. ಇನ್ನೊಂದು ಕೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮುಚ್ಚಳ ನಿಂತಿತು. ಥಿಯೇಟರಿನ ತುಂಬ ನಮ್ಮ ಮನೆಯ ಮೌನ. ಅದು ಇಷ್ಟು ಉದ್ದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹೆಂಗಸು ಕಾಗದ ಮಡಿಸಿದಳು, ಒಲೆಯ ಕಡೆ ತಿರುಗಿದಳು. ಅತ್ತೆಯ ಇಡೀ ಮೈ ಅಲುಗುತ್ತಿತ್ತು, ಆದರೆ ಅವರು ತಡೆದುಕೊಂಡರು.

ದೃಶ್ಯ ಬದಲಾಯಿತು. ರಸ್ತೆ, ಬಸ್ಸುಗಳ ಸದ್ದು. ಆಗ ಅತ್ತೆ ಸೆರಗು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವವರೆಗೂ, ಮನಸಾರೆ ಕೆಮ್ಮಿದರು.

ಮುಂದಿನ ಸಾಲಿನಲ್ಲಿದ್ದ ಒಬ್ಬರು ಹಿಂದೆ ತಿರುಗಿದರು. “ಏನಜ್ಜಿ ಇದು, ಸಿನಿಮಾ ನೋಡೋಕೆ ಬಿಡ್ತೀರಾ?”

ನಮ್ಮವರು ತಾಯಿಯ ಬೆನ್ನು ಸವರುತ್ತಿದ್ದರು.

“ತಪ್ಪು ತಿಳ್ಕೋಬೇಡಿ ಸರ್,” ಎಂದರು. “ಈ ಸಲ ಸರಿಯಾದ ಜಾಗದಲ್ಲೇ ಕೆಮ್ಮಿದಾರೆ.”